ಮೂರನೇ ಭಾಗಕ್ಕೆ ನಾನು ರೆಡಿನಾ?

ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ಕೋಡ್ ಬರೆಯೋದು ಹೊಟ್ಟೆಪಾಡು. 36ನೇ ವಯಸ್ಸಲ್ಲಿ ಪಿಯಾನೋ ಶುರು ಮಾಡಿದೆ. ನಾಲ್ಕು ವರ್ಷಕ್ಕೆ ಬೀಥೋವನ್‌ನ ‘ಮೂನ್‌ಲೈಟ್’ ಸೊನಾಟಾದ ಮೊದಲ ಭಾಗ ಕೈಗೆ ಕೂತಿತು. 1801ರಲ್ಲಿ ಬರೆದ ಕೃತಿ. ಮೊದಲ ಭಾಗ ಧ್ಯಾನದ ಹಾಗೆ, ಮೂರನೆಯದು ಬಿರುಗಾಳಿ.

ಎರಡರಲ್ಲೂ ಬಿಡಿಸಿ ನುಡಿಸೋ ಸ್ವರಗುಚ್ಛಗಳೇ. ‘ಸ್ಪೀಡ್ ಜಾಸ್ತಿ, ಅಷ್ಟೇ ತಾನೆ’ ಅಂದ್ಕೊಂಡೆ. ಎಡವಿದ್ದು ಅಲ್ಲೇ. ಮೊದಲ ಭಾಗದಲ್ಲಿ ಕೈ ಹೆಚ್ಚು ದೂರ ಓಡಾಡೋದಿಲ್ಲ. ಮೂರನೆಯದರಲ್ಲಿ ಬಲಗೈ ಕೆಳಗಿಂದ ಮೇಲಕ್ಕೆ ಏಣಿ ಹತ್ತಿದ ಹಾಗೆ ಓಡಿ, ತುದಿಯಲ್ಲಿ ಎರಡು ಸಲ ಜೋರಾಗಿ ಬಡೀಬೇಕು.

ಎರಡು ತಿಂಗಳು ಹಟ ಹಿಡಿದು ಫುಲ್ ಸ್ಪೀಡಲ್ಲಿ ನುಡಿಸಿದೆ. ಮುಂಗೈ ನೋವು ಬಂತು. ಆಫೀಸಲ್ಲಿ ಮೌಸ್ ಹಿಡಿಯಕ್ಕಾಗ್ಲಿಲ್ಲ. ಅನ್ನ ಕೊಡೋ ಕೈ ಅದು, ನಿಜಕ್ಕೂ ಹೆದರಿದೆ. ಡಾಕ್ಟರು ಮೂರು ವಾರ ಪಿಯಾನೋ ಮುಟ್ಟಬೇಡಿ ಅಂದ್ರು.

ವಾಪಸ್ ಹೋದಾಗ ಟೀಚರ್ ಬೈಯಲಿಲ್ಲ, ಮೂರು ಪರೀಕ್ಷೆ ಕೊಟ್ರು. ಒಂದು: ಅತಿ ಕಷ್ಟದ ಎಂಟು ಬಾರ್ ಆರಿಸಿ, ಅರ್ಧ ವೇಗದಲ್ಲಿ ಒಂದು ವಾರ ನುಡಿಸಿ. ಏಳನೇ ದಿನ ಪೂರ್ತಿ ಸರಿಯಾಗಬೇಕಿಲ್ಲ, ಮೊದಲ ದಿನಕ್ಕಿಂತ ಸುಧಾರಿಸಿದ್ರೆ ಸಾಕು. ಎರಡು: ಆ ನಿಧಾನದಲ್ಲೂ ಮಣಿಕಟ್ಟು ಬಿಗೀತಿದೆಯಾ? ಬಿಗಿದ್ರೆ ವೇಗ ಅದನ್ನ ಹೆಚ್ಚಿಸುತ್ತೆ, ಬಿಡಿಸೋಲ್ಲ. ಮೂರು: ‘ಬಂತು’ ಅಂತಿರೋ ಹಳೇ ಪಾಠನ ಬೆಳಿಗ್ಗೆ ಎದ್ದು, ನಡುವಿಂದ ಶುರು ಮಾಡಿ, ಮೊದಲ ಸಲಕ್ಕೇ ನುಡಿಸ್ತೀರಾ?

ನಾನು ಎರಡರಲ್ಲಿ ಫೇಲ್.

‘ಇದು ಸೋಮಾರಿತನ ಅಲ್ಲ, ಮಧ್ಯದ ಮೆಟ್ಟಿಲು ಇಲ್ಲ’ ಅಂದ್ರು. ಬೀಥೋವನ್‌ನದೇ ಎಫ್ ಮೈನರ್ ಸೊನಾಟಾ, ಓಪಸ್ 2ರ ಮೊದಲನೆಯದು, ಅದರ ಮೊದಲ ಭಾಗ ಕೊಟ್ರು. ಅದೂ ಮೇಲೇರೋ ಸ್ವರಗಳಿಂದಲೇ ಶುರುವಾಗುತ್ತೆ, ಆದ್ರೆ ಏಣಿ ಚಿಕ್ಕದು. ಏಳು ತಿಂಗಳು ಹಿಡೀತು.

ಹೋದ ತಿಂಗಳು ಮತ್ತೆ ಆ ಎಂಟು ಬಾರ್ ತೆಗೆದೆ. ಏಳನೇ ದಿನ ಸುಧಾರಿಸಿತ್ತು, ಕೈ ನೋಯಲಿಲ್ಲ. ಪೂರ್ತಿ ಬರೋಕೆ ಇನ್ನೆರಡು ವರ್ಷ ಆಗಬಹುದು. ಆಗಲಿ.

ಚಿಕ್ಕವನಿದ್ದಾಗ ಅಮ್ಮ ಸರಳೆ ವರಸೆ ಮೂರು ಕಾಲದಲ್ಲೂ ಬರೋವರೆಗೆ ಮುಂದಿನ ಪಾಠ ಹೇಳ್ತಿರಲಿಲ್ಲ. ಆಗ ಶಿಕ್ಷೆ ಅನ್ನಿಸ್ತಿತ್ತು. ಅವಳು ನನ್ನ ಕೈ ಕಾಯ್ತಿದ್ಲು ಅಂತ ಈಗ ಗೊತ್ತಾಗ್ತಿದೆ. ನಿಮ್ಮ ಆಸೆಯ ಕೃತಿ ಬಿಡಬೇಡಿ. ಬರೀ ಎಂಟು ಬಾರ್, ಒಂದೇ ವಾರ, ಅದನ್ನೇ ಕೇಳಿ ನೋಡಿ.