ಸಹಿ ಹಾಕುವ ಮೊದಲು ಓದಿ ನೋಡಿ!



ನಾನು ಪಿಯುಸಿ ಓದಿ ಪ್ರೆಸ್ಸು ಇಟ್ಟುಕೊಂಡವನು. ಬಿಲ್‌ಬುಕ್ಕು, ವೋಚರು, ಲಗ್ನಪತ್ರಿಕೆ ಅಚ್ಚು ಹಾಕುವುದು ನನ್ನ ಕಸುಬು. ಸಿಎ ಓದಿನ ಬಗ್ಗೆ ಇವನೇನು ಹೇಳಿಯಾನು ಎನ್ನಬೇಡಿ. ವರ್ಷವರ್ಷವೂ ನನ್ನ ಲೆಕ್ಕ ನೋಡಲು ಆಡಿಟರ್ ಆಫೀಸಿನಿಂದ ಬರುವವರು ನಿಮ್ಮ ವಯಸ್ಸಿನವರೇ. ಅವರಿಗೆ ಆರ್ಟಿಕಲ್ಡ್ ಅಸಿಸ್ಟೆಂಟ್ ಎಂದು ಹೆಸರು. ಈ ತರಬೇತಿ ಮುಗಿಸದೆ ಯಾರೂ ಸಿಎ ಆಗುವಂತಿಲ್ಲ.

ಬಾಗಿಲು ಎಲ್ಲರಿಗೂ ತೆರೆದಿದೆ. ಪಿಯುಸಿ ಆದವರು ಫೌಂಡೇಶನ್ ಪರೀಕ್ಷೆ ಬರೆಯಬೇಕು. ಬಿಕಾಂನಲ್ಲಿ ಶೇ. 55 ಅಂಕ ಪಡೆದವರು ನೇರ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ಬಿಎ, ಬಿಎಸ್ಸಿಯವರಿಗೆ ಶೇ. 60 ಬೇಕು. ಇಂಟರ್‌ಮೀಡಿಯೆಟ್‌ನ ಎರಡೂ ಗುಂಪು ಪಾಸಾದ ಮೇಲೆ ತರಬೇತಿ. ಮೊದಲು ಮೂರು ವರ್ಷವಿತ್ತು. 2023ರ ಜುಲೈನಿಂದ ಎರಡು ವರ್ಷ.

ಇನ್ನು ದುಡಿಮೆಯ ಮಾತು. ಸಿಎ ಸಂಸ್ಥೆಯ ನಿಯಮದಂತೆ ವಾರಕ್ಕೆ 35 ಗಂಟೆ. ಆದರೆ ಏಪ್ರಿಲ್‌ನಲ್ಲಿ ಬ್ಯಾಂಕ್ ಆಡಿಟ್, ಸೆಪ್ಟೆಂಬರ್‌ನಲ್ಲಿ ತೆರಿಗೆ ಆಡಿಟ್ ಬಂದಾಗ ಗಡಿಯಾರ ನೋಡುವವರು ಯಾರು? ಕನಿಷ್ಠ ಸ್ಟೈಪೆಂಡ್ ಊರಿನ ಜನಸಂಖ್ಯೆ ನೋಡಿ ನಿಗದಿಯಾಗುತ್ತದೆ. ಅದು ಸಂಬಳವಲ್ಲ. ಅದೊಂದನ್ನೇ ನಂಬಿ ಬೆಂಗಳೂರಿನಲ್ಲಿ ರೂಮು ಮಾಡಬೇಡಿ.

ದೊಡ್ಡ ಕಂಪನಿಯೋ, ಚಿಕ್ಕ ಆಫೀಸೋ? ದೊಡ್ಡದರಲ್ಲಿ ಹೆಸರಿದೆ, ಮುಂದೆ ನೌಕರಿಗೆ ಅನುಕೂಲ. ಆದರೆ ಎರಡು ವರ್ಷವೂ ಒಂದೇ ಬಗೆಯ ಕೆಲಸ ಸಿಕ್ಕೀತು. ಚಿಕ್ಕದರಲ್ಲಿ ಜಿಎಸ್‌ಟಿ, ಆದಾಯ ತೆರಿಗೆ, ಆಡಿಟ್ ಎಲ್ಲವೂ ಕೈಗೆ ಹತ್ತುತ್ತದೆ. ಬರೀ ಫೈಲು ಹೊರಿಸಿ, ಝೆರಾಕ್ಸ್‌ಗೆ ಓಡಿಸುವವರೂ ಇದ್ದಾರೆ, ಎಚ್ಚರ! ಅಲ್ಲಿ ಈಗಾಗಲೇ ಇರುವ ಹುಡುಗರನ್ನು ಕೇಳಿ: ಏನು ಕಲಿಸುತ್ತಾರೆ? ರಾತ್ರಿ ಎಷ್ಟು ಹೊತ್ತಿಗೆ ಬಿಡುತ್ತಾರೆ? ಪರೀಕ್ಷೆಗೆ ರಜೆ ಕೊಡುತ್ತಾರಾ? ಸೇರಿದ ಮೇಲೆ ಮನಸ್ಸು ಬಂದಾಗ ಬಿಟ್ಟು ಬರಲಾಗದು. ವರ್ಗಾವಣೆಗೂ ನಿಯಮಗಳಿವೆ.

ಭಾಷೆಯ ಮಾತನ್ನು ಮುಚ್ಚಿಡುವುದಿಲ್ಲ. ಈ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಹಿಂದಿಯಲ್ಲಿ ಬರೆಯಬೇಕು. ಕನ್ನಡಕ್ಕೆ ಜಾಗವಿಲ್ಲ! ಹಿಂದಿಯವನಿಗೆ ಇರುವ ಅನುಕೂಲ ನಮಗೇಕಿಲ್ಲ? ಕೇಳೋಣ, ಕೇಳುತ್ತಲೇ ಇರೋಣ. ಆದರೆ ಅದು ಸಿಗುವ ತನಕ ಕೈಕಟ್ಟಿ ಕೂರಬೇಡಿ. ಇಂಗ್ಲಿಷಿನ ಲೆಕ್ಕಶಾಸ್ತ್ರವನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡು ಓದಿ. ಸಹಕಾರ ಸಂಘದ ನಡಾವಳಿ ಪುಸ್ತಕ ಓದಲು, ಮಂಡಿ ವರ್ತಕನಿಗೆ ನೋಟಿಸಿನ ಅರ್ಥ ಬಿಡಿಸಿ ಹೇಳಲು ಕನ್ನಡ ಬಲ್ಲ ಆಡಿಟರೇ ಬೇಕು.

ಪ್ರೂಫ್ ಓದದೆ ಅಚ್ಚಿಗೆ ಬಿಡಬಾರದು ಎಂಬುದು ನಮ್ಮ ಕಸುಬಿನ ನಿಯಮ. ಅಚ್ಚಾದ ಕಾಗದವನ್ನು ರದ್ದಿಗೆ ಹಾಕಬಹುದು. ನಿಮ್ಮ ಪ್ರಾಯದ ಎರಡು ವರ್ಷವನ್ನು ಹಾಕಲಾಗದು. ಒಪ್ಪಂದ ಪತ್ರವನ್ನು ಸಾಲುಸಾಲಾಗಿ ಓದಿ, ಆಮೇಲೆ ಸಹಿ ಹಾಕಿ.