ನೂರಕ್ಕೆ ಒಂದೂವರೆ ಪಾಲು ಬೆಳಕು



ಈ ಪ್ರದರ್ಶನದ ಒಳಗೆ ಗ್ರಹದ ಚಿತ್ರ ಒಂದೂ ಇಲ್ಲ. ಇರುವುದು ನಮ್ಮ ಹವ್ಯಾಸಿ ಗೆಳೆಯ ಗೆಳತಿಯರು ಎಷ್ಟೋ ರಾತ್ರಿ ನಿದ್ದೆಗೆಟ್ಟು ನಕ್ಷತ್ರಗಳ ಬೆಳಕನ್ನು ಅಳೆದ ಗ್ರಾಫ್‌ಗಳು: ಚುಕ್ಕಿಗಳ ಸಾಲು, ನಡುವೆ ತುಸು ತಗ್ಗು. 2012ರ ಜೂನ್ 6ರ ಬೆಳಿಗ್ಗೆ ಸೂರ್ಯನ ಮೇಲೆ ಶುಕ್ರ ಕರಿಚುಕ್ಕೆಯಾಗಿ ಹಾದದ್ದನ್ನು ನಮ್ಮಲ್ಲಿ ಕೆಲವರು ಕಂಡಿದ್ದೇವೆ. ಅಂಥದೇ ಸಂಕ್ರಮಣ ದೂರದ ನಕ್ಷತ್ರದ ಮುಂದೆ ನಡೆದರೆ ಚುಕ್ಕೆ ಕಾಣದು, ಬೆಳಕು ಮಾತ್ರ ಕೊಂಚ ಕುಂದುತ್ತದೆ.

ಪೂರ್ವಾಭಾದ್ರದಿಂದ ಪಶ್ಚಿಮಕ್ಕೆ ಎಚ್‌ಡಿ 209458 ಎಂಬ ನಕ್ಷತ್ರವಿದೆ. ಬರಿಗಣ್ಣಿಗೆ ನಿಲುಕದು, ಬೈನಾಕ್ಯುಲರ್‌ಗೆ ಸಿಗುತ್ತದೆ. ಮೂರೂವರೆ ದಿನಕ್ಕೊಮ್ಮೆ, ಅದನ್ನು ಸುತ್ತುವ ಗ್ರಹ ಅಡ್ಡ ಬಂದಾಗ, ಅದರ ಬೆಳಕು ನೂರಕ್ಕೆ ಸುಮಾರು ಒಂದೂವರೆ ಪಾಲು ತಗ್ಗಿ, ಸುಮಾರು ಮೂರು ಗಂಟೆಗಳ ಬಳಿಕ ಮರಳುತ್ತದೆ. 1999ರಲ್ಲಿ ಡೇವಿಡ್ ಶಾರ್ಬೊನೊ ಇದನ್ನು ಹಿಡಿದದ್ದು ಬರೀ 10 ಸೆಂಟಿಮೀಟರ್ ದೂರದರ್ಶಕದಿಂದ. ಮರುವರ್ಷವೇ ಫಿನ್‌ಲೆಂಡಿನ ನ್ಯೂರೊಲಾ ವೀಕ್ಷಣಾಲಯದ ಹವ್ಯಾಸಿಗಳು ಅದೇ ತಗ್ಗನ್ನು ದಾಖಲಿಸಿದರು.

ತೆಳು ಮೋಡ ಸುಳಿದರೂ, ನಕ್ಷತ್ರ ದಿಗಂತದತ್ತ ಇಳಿದರೂ ಇದಕ್ಕಿಂತ ಹೆಚ್ಚು ಬೆಳಕು ಕಳೆದುಹೋಗುತ್ತದೆ. ಹಾಗಾಗಿ ಅದೊಂದನ್ನೇ ಅಳೆದರೆ ಸಾಲದು, ನೆರೆಯ ನಕ್ಷತ್ರಗಳನ್ನೂ ಜೊತೆಗೇ ಅಳೆಯಬೇಕು. ಮೋಡ ಬಂದರೆ ಎಲ್ಲವೂ ಮಂಕಾಗುತ್ತವೆ. ಗ್ರಹ ಅಡ್ಡ ಬಂದರೆ ಒಂದೇ ಒಂದು. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಸಂಗತಿ ಇದು. ಬಲ್ಲವರು ಫೋಕಸ್ಸನ್ನೂ ಬೇಕೆಂದೇ ತುಸು ಸಡಿಲಿಸುತ್ತಾರೆ. ನಕ್ಷತ್ರ ಚೂಪಾಗಿದ್ದರೆ ಕ್ಯಾಮೆರಾದ ಕೆಲವೇ ಪಿಕ್ಸೆಲ್‌ಗಳು ತುಂಬಿ ತುಳುಕಿ ಅಳತೆ ಕೆಡುತ್ತದೆ. ಚೆಂದದ ಫೋಟೊ ತೆಗೆದು ರೂಢಿಯಾದವರಿಗೆ ಇದು ಕಷ್ಟದ ಪಾಠ.

ಅಷ್ಟು ದೊಡ್ಡ ದೂರದರ್ಶಕಗಳಿರುವಾಗ ನಿಮ್ಮದೇಕೆ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಆ ಮೂರೂವರೆ ದಿನದ ಅಳತೆಯಲ್ಲಿ ಒಂದೇ ಒಂದು ಸೆಕೆಂಡು ತಪ್ಪಿದೆ ಎನ್ನಿ. ಹತ್ತು ವರ್ಷದಲ್ಲಿ ಗ್ರಹ ಸಾವಿರಕ್ಕೂ ಮಿಕ್ಕಿ ಸುತ್ತುತ್ತದೆ, ತಪ್ಪು 17 ನಿಮಿಷಕ್ಕೆ ಬೆಳೆಯುತ್ತದೆ. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕಕ್ಕೆ ಅಷ್ಟು ಹೊತ್ತು ಸುಮ್ಮನೆ ಕಾದು ಕೂರುವ ಪುರುಸೊತ್ತಿಲ್ಲ. ಕಾಯುವ ಕೆಲಸ ಮನೆಯ ಮಹಡಿಯ ಸಣ್ಣ ದೂರದರ್ಶಕಗಳದ್ದು. ನಾಸಾದ ಎಕ್ಸೋಪ್ಲಾನೆಟ್ ವಾಚ್, ಯುರೋಪಿನ ಎಕ್ಸೋಕ್ಲಾಕ್ ಯೋಜನೆಗಳು ಹವ್ಯಾಸಿಗಳ ಅಳತೆ ಕೇಳಿ ಪಡೆಯುತ್ತಿರುವುದು ಇದಕ್ಕೇ.

ಒಳಗೆ ಎಡಮೂಲೆಯ ಗ್ರಾಫೊಂದರ ನಡುವೆ ಚುಕ್ಕಿಗಳೇ ಇಲ್ಲ. ಅಷ್ಟು ಹೊತ್ತು ಮೋಡ ಕವಿದಿತ್ತು. ತೇಪೆ ಹಾಕದೆ ಅದನ್ನು ಹಾಗೆಯೇ ತೂಗುಹಾಕಿದ್ದಾರೆ. ಮಕ್ಕಳೇ, ಮೊದಲು ಅಲ್ಲಿಗೆ ಹೋಗಿ. ಅಳೆದವರು ಪಕ್ಕದಲ್ಲೇ ನಿಂತಿರುತ್ತಾರೆ. ಹೋಲಿಕೆಗೆ ಯಾವ ನಕ್ಷತ್ರ ಆರಿಸಿಕೊಂಡಿರಿ, ಯಾಕೆ ಅದನ್ನೇ, ಎಂದು ಕೇಳಿ. ಬಾಗಿಲು ತೆರೆದಿದೆ, ಬನ್ನಿ.