ಶತಾಯುಷ್ಯಕ್ಕೆ ಸಾಕ್ಷಿ ಯಾವುದು?

(ಮಂಗಳಗಿರಿಯ ಕನ್ನಡ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಕೃಷ್ಣದೇವರಾಯನು 1515ರಲ್ಲಿ ಕೊಂಡವೀಡನ್ನು ಗೆದ್ದುದಕ್ಕೆ ಈ ಮಂಗಳಗಿರಿಯ ಶಾಸನವೂ ಸಾಕ್ಷಿ. ಅರಸನ ವಿಜಯಕ್ಕೆ ಕಲ್ಲು ಉಂಟು. ನಮ್ಮ ಅಜ್ಜಿಯ ಹುಟ್ಟಿಗೆ ಸಾಕ್ಷಿ ಯಾವುದು? 'ಅಜ್ಜಿಗೆ ನೂರಾಹತ್ತು' ಎಂದು ಹೆಮ್ಮೆಪಡುವ ಮನೆಯಲ್ಲಿ ಹೀಗೆ ಕೇಳಿದರೆ ಅಗೌರವವೆಂದು ಮುನಿಯುವವರುಂಟು. ಅಗೌರವವಲ್ಲವೆಂಬುದೇ ನನ್ನ ನಿವೇದನೆ.

ಸರ್ ಎಂ. ವಿಶ್ವೇಶ್ವರಯ್ಯನವರನ್ನೇ ನೋಡೋಣ. ಅವರ ಮನೆತನದ ಹೆಸರಾದ ಮೋಕ್ಷಗುಂಡಂ ಇದೇ ಆಂಧ್ರದ ಊರು. ಅವರ ಶತಮಾನೋತ್ಸವದ ಅಂಚೆಚೀಟಿ ಹೊರಬಂದದ್ದು 1960ರ ಸೆಪ್ಟೆಂಬರ್ 15ರಂದು. ಆದರೆ ಅನೇಕ ಗ್ರಂಥಗಳು ಜನ್ಮವರ್ಷವನ್ನು 1861 ಎನ್ನುತ್ತವೆ. 1962ರ ಏಪ್ರಿಲಿನಲ್ಲಿ ತೀರಿಕೊಂಡಾಗ ಅವರಿಗೆ ನೂರೊಂದೋ, ನೂರೋ? ಹೇಗೆ ಎಣಿಸಿದರೂ ಶತಾಯುಷಿಗಳೇ. ಇಂತಹ ಮಹನೀಯರ ವಿಷಯದಲ್ಲೇ ಒಂದು ವರ್ಷದ ಗೊಂದಲವಿದ್ದರೆ, ಅಕ್ಷರವರಿಯದ ಹಳ್ಳಿಯ ತಾಯಿಯ ವಿಷಯದಲ್ಲಿ ಎಷ್ಟಿದ್ದೀತು!

ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ನಮ್ಮ ವಾಡಿಕೆ. ಸಂವತ್ಸರಗಳೋ ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ: ಪ್ರಭವ 1927ರಲ್ಲೂ ಬಂತು, 1987ರಲ್ಲೂ ಬಂತು. ಜಾತಕದಲ್ಲಿ ಶಕವರ್ಷವಿಲ್ಲದಿದ್ದರೆ ಅಜ್ಜನದು ಮೊಮ್ಮಗನದಾದೀತು. ದೇಶಕ್ಕೆಲ್ಲ ಒಂದೇ ಜನನ-ಮರಣ ನೋಂದಣಿ ಕಾಯಿದೆಯಾದದ್ದು 1969ರಲ್ಲಿ. ಅದಕ್ಕೂ ಹಿಂದೆ ಹುಟ್ಟಿದ ಎಷ್ಟೋ ಜನರಿಗೆ ಜನನಪತ್ರವೇ ಇಲ್ಲ.

ಫ್ರಾನ್ಸಿನ ಜೀನ್ ಕಾಲ್ಮೆಂಟ್ 1875ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡರು. ಆಯುಷ್ಯ 122 ವರ್ಷ 164 ದಿನ. ಹುಟ್ಟಿದಾಗ ಬರೆದ ದಾಖಲೆ, ಮದುವೆಯ ದಾಖಲೆ, ಜನಗಣತಿಯ ಪಟ್ಟಿಗಳು ಒಂದಕ್ಕೊಂದು ಹೊಂದಿದ್ದರಿಂದಲೇ ಲೋಕ ನಂಬಿತು. ಮಗಳೇ ತಾಯಿಯ ಹೆಸರಿನಲ್ಲಿ ಬದುಕಿದಳೆಂಬ ಸಂಶಯ 2018ರಲ್ಲಿ ಎದ್ದಿತು. ಹೆಚ್ಚಿನ ತಜ್ಞರು ಅದನ್ನು ಒಪ್ಪಲಿಲ್ಲ. ಆದರೆ ಕಾಗದವೊಂದೇ ಸಾಲದು. ಟೋಕಿಯೋದಲ್ಲಿ ಕಡತದ ಪ್ರಕಾರ 111 ವರ್ಷದ ವೃದ್ಧರೊಬ್ಬರು ಮೂರು ದಶಕಗಳ ಹಿಂದೆಯೇ ಸತ್ತಿದ್ದರೆಂದು 2010ರಲ್ಲಿ ತಿಳಿಯಿತು. ಮನೆಯವರು ಪಿಂಚಣಿ ಪಡೆಯುತ್ತಲೇ ಇದ್ದರು.

ದೀರ್ಘಾಯುಷ್ಯದ ಗುಟ್ಟು ರಾಗಿಮುದ್ದೆಯೋ, ಮಜ್ಜಿಗೆಯೋ ಎಂದು ಚರ್ಚಿಸುತ್ತೇವೆ. ವಯಸ್ಸೇ ತಪ್ಪಾದರೆ ಗುಟ್ಟೂ ತಪ್ಪು.

ಬಂಧುಗಳೇ, ಹೊರನಾಡಿಗೆ ಬರುವಾಗ ಭಾಷೆಯನ್ನು ತಂದೆವು. ಹಿರಿಯರ ಕಾಗದಪತ್ರಗಳನ್ನು ಊರಿನಲ್ಲೇ ಬಿಟ್ಟೆವು. ಮುಂದಿನ ಜಾತ್ರೆಗೆ ಹೋದಾಗ ಶಾಲೆಯ ದಾಖಲಾತಿ ಪುಸ್ತಕವನ್ನು ನೋಡಿರಿ. ಒಡಹುಟ್ಟಿದವರ ಕ್ರಮವನ್ನೂ, ಚೊಚ್ಚಲ ಮಗುವಿನ ಜನ್ಮವರ್ಷವನ್ನೂ ಹಿರಿಯರನ್ನೇ ಕೇಳಿ ಬರೆದಿಡಿರಿ. ನೂರಾಹತ್ತು ತೊಂಬತ್ತೆಂಟಾದರೆ ನಾಚಬೇಕಾಗಿಲ್ಲ. ತೊಂಬತ್ತೆಂಟೂ ಅವರು ಬಾಳಿ ಗಳಿಸಿದ ವರ್ಷಗಳೇ.